ಜಿಪಿಎಲ್ ಜೊತೆ ಬರುವ ವಿನಾಯಿತಿ: ಹೆಸರು ಹಿಡಿದು ಬರೆಯಿರಿ

ಜಾವಾದ ಓಪನ್ ಸೋರ್ಸ್ ರೂಪವಾದ ಓಪನ್‌ಜೆಡಿಕೆಯ ಸೋರ್ಸ್ ಕೋಡನ್ನು ಇಳಿಸಿಕೊಂಡು ಎರಡು ಫೈಲುಗಳನ್ನು ಅಕ್ಕಪಕ್ಕ ತೆರೆದು ನೋಡಿ. ಒಂದು, ಜಾವಾ ಬರೆಯುವ ಎಲ್ಲರೂ ದಿನನಿತ್ಯ ಬಳಸುವ ಸ್ಟ್ರಿಂಗ್ ಕ್ಲಾಸಿನ ಫೈಲು. ಇನ್ನೊಂದು, ಜಾವಾ ಪ್ರೋಗ್ರಾಮುಗಳನ್ನು ಓಡಿಸುವ ಹಾಟ್‌ಸ್ಪಾಟ್ ವರ್ಚುವಲ್ ಮಶೀನಿನ ಯಾವುದಾದರೊಂದು ಸಿ++ ಫೈಲು. ಎರಡರ ತಲೆಯ ಮೇಲೂ ಹೆಚ್ಚುಕಡಿಮೆ ಒಂದೇ ಕಮೆಂಟ್: ಹಕ್ಕುಸ್ವಾಮ್ಯ ಒರೇಕಲ್‌ನದು, ಲೈಸೆನ್ಸ್ ಜಿಪಿಎಲ್ ಆವೃತ್ತಿ 2 ಮಾತ್ರ, ಗ್ಯಾರಂಟಿ ಏನೂ ಇಲ್ಲ. ಆದರೆ ಸ್ಟ್ರಿಂಗ್ ಫೈಲಿನಲ್ಲಿ ಒಂದು ವಾಕ್ಯ ಹೆಚ್ಚಿಗೆ ಇದೆ. ಈ ಫೈಲು ‘ಕ್ಲಾಸ್‌ಪಾತ್’ ವಿನಾಯಿತಿಗೆ ಒಳಪಟ್ಟದ್ದು ಎಂದು ಒರೇಕಲ್ ಗೊತ್ತುಪಡಿಸಿದೆ ಎನ್ನುವ ವಾಕ್ಯ ಅದು. ಹಾಟ್‌ಸ್ಪಾಟ್ ಫೈಲಿನಲ್ಲಿ ಆ ವಾಕ್ಯ ಇರುವುದಿಲ್ಲ. ಪ್ರಾಜೆಕ್ಟ್ ಒಂದೇ, ಲೈಸೆನ್ಸ್ ಫೈಲೂ ಒಂದೇ. ಆದರೂ ಕಾನೂನಿನ ಲೆಕ್ಕದಲ್ಲಿ ಇವೆರಡು ಬೇರೆ ಬೇರೆ ಷರತ್ತಿನ ಸರಕು. ಕಂಪನಿಯ ಪಟ್ಟಿಯಲ್ಲಿ ಓಪನ್‌ಜೆಡಿಕೆಯ ಮುಂದೆ ಬರೀ ‘ಜಿಪಿಎಲ್ 2’ ಎಂದು ಬರೆದವರು ಸ್ಟ್ರಿಂಗ್ ಫೈಲಿಗೆ ಅನ್ಯಾಯ ಮಾಡಿದರು. ‘ಜಿಪಿಎಲ್ 2, ವಿನಾಯಿತಿ ಸಹಿತ’ ಎಂದು ಇಡೀ ಪ್ರಾಜೆಕ್ಟಿಗೆ ಒಂದೇ ಗೆರೆ ಎಳೆದವರು ಹಾಟ್‌ಸ್ಪಾಟ್‌ಗೆ ಇಲ್ಲದ ಸಡಿಲಿಕೆಯನ್ನು ಕೊಟ್ಟರು. ಓಪನ್ ಸೋರ್ಸ್ ಲೈಸೆನ್ಸುಗಳನ್ನು ಗುರುತು ಹಾಕುವ ಕೆಲಸದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಂಥ ಕಡೆಯಲ್ಲೇ ಎಂದು ನನಗನ್ನಿಸುತ್ತದೆ. ವಿನಾಯಿತಿಯೂ ಲೈಸೆನ್ಸಿನ ಭಾಗವೇ. ಅದು ಯಾವ ವಿನಾಯಿತಿ, ಯಾವ ಫೈಲಿಗೆ, ಕೊಟ್ಟವರು ಯಾರು ಎಂಬ ಮೂರಕ್ಕೂ ಲೇಬಲ್ ಉತ್ತರ ಕೊಡಬೇಕು.

ಇಂಥ ವಿನಾಯಿತಿ ಏಕೆ ಹುಟ್ಟಿತು ಎನ್ನುವುದು ತಿಳಿದರೆ ಅದನ್ನು ಬಿಟ್ಟುಬಿಡುವುದು ಏಕೆ ದುಬಾರಿ ಎನ್ನುವುದೂ ತಿಳಿಯುತ್ತದೆ. ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್, ಅಂದರೆ ಜಿಪಿಎಲ್, ಹೇಳುವುದರ ಸಾರ ಇದು: ನನ್ನ ಕೋಡನ್ನು ಸೇರಿಸಿಕೊಂಡು ಮಾಡಿದ ಪ್ರೋಗ್ರಾಮನ್ನು ನೀವು ಹಂಚುವುದಾದರೆ ಇಡೀ ಪ್ರೋಗ್ರಾಮು ಇದೇ ಲೈಸೆನ್ಸಿನಲ್ಲಿರಬೇಕು, ಸೋರ್ಸನ್ನೂ ಕೊಡಬೇಕು. ಒಂದು ಎಡಿಟರ್‌ಗೋ ಆಟಕ್ಕೋ ಈ ಷರತ್ತು ಸರಳ. ಲೈಬ್ರರಿಯ ವಿಷಯಕ್ಕೆ ಬಂದಾಗ ಪೇಚು ಶುರು. ಬೇರೆಯವರು ಬರೆದ ಪ್ರೋಗ್ರಾಮು ಲೈಬ್ರರಿಯ ಜೊತೆ ಲಿಂಕ್ ಆದ ಮಾತ್ರಕ್ಕೆ ಅದೂ ಜಿಪಿಎಲ್ ಕೆಳಗೆ ಬರುತ್ತದೆಯೇ? ಬರುತ್ತದೆ ಎನ್ನುವುದು ಜಿಪಿಎಲ್ ಪ್ರಕಟಿಸುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು. ಈ ನಿಲುವನ್ನು ಒಪ್ಪದ ವಕೀಲರೂ ಇದ್ದಾರೆ. ಜಗಳ ತೀರುವವರೆಗೆ ಯಾರೂ ಕಾಯುವಂತಿರಲಿಲ್ಲ. ಆಗ ಜಾವಾದ ಒಡೆಯನಾಗಿದ್ದ, ಮುಂದೆ ಒರೇಕಲ್ ಪಾಲಾದ ಸನ್ ಮೈಕ್ರೋಸಿಸ್ಟಮ್ಸ್ 2006ರ ನವೆಂಬರ್‌ನಲ್ಲಿ ಜಾವಾವನ್ನು ಜಿಪಿಎಲ್ 2ರಲ್ಲಿ ತೆರೆಯುವುದಾಗಿ ಸಾರಿ, 2007ರಲ್ಲಿ ಕ್ಲಾಸ್ ಲೈಬ್ರರಿಗಳನ್ನು ಬಿಡುಗಡೆ ಮಾಡಿತು. ಆಗ ಬ್ಯಾಂಕಿನ ಪ್ರೋಗ್ರಾಮಾಗಲಿ ರೈಲ್ವೆ ಟಿಕೆಟ್ಟಿನ ಪ್ರೋಗ್ರಾಮಾಗಲಿ ಸ್ಟ್ರಿಂಗ್ ಕ್ಲಾಸನ್ನು ಬಳಸಿದ ತಪ್ಪಿಗೆ ಜಿಪಿಎಲ್‌ಗೆ ಸೇರಬೇಕಾದೀತೆಂಬ ಭಯ ಎದುರಾಗಬಾರದಿತ್ತು. ಗ್ನೂ ಕ್ಲಾಸ್‌ಪಾತ್ ಎಂಬ ಹಳೆಯ ಯೋಜನೆಯಲ್ಲಿ ಇದಕ್ಕೆ ಹೊಂದುವ ಒಂದು ಪ್ಯಾರಾ ಆಗಲೇ ಸಿದ್ಧವಾಗಿತ್ತು. ಈ ಲೈಬ್ರರಿಯಿಂದ ಹುಟ್ಟಿರದ ಸ್ವತಂತ್ರ ಮಾಡ್ಯೂಲುಗಳನ್ನು ಇದರ ಜೊತೆ ಲಿಂಕ್ ಮಾಡಿ, ಬಂದ ಪ್ರೋಗ್ರಾಮನ್ನು ನಿಮಗಿಷ್ಟವಾದ ಷರತ್ತಿನಲ್ಲಿ ಹಂಚಬಹುದು ಎನ್ನುವ ಅನುಮತಿ ಅದು. ಸನ್ ಅದನ್ನೇ ಎತ್ತಿಕೊಂಡಿತು. ಮುಚ್ಚಿದ ಕೋಡಿನ ಜಾವಾ ಪ್ರೋಗ್ರಾಮುಗಳು ಇವತ್ತು ಯಾವ ಅಳುಕೂ ಇಲ್ಲದೆ ಓಪನ್‌ಜೆಡಿಕೆಯ ಮೇಲೆ ಓಡುವುದು ಆ ಒಂದು ಪ್ಯಾರಾದ ಬಲದಿಂದ.

ಕಂಪೈಲರ್‌ಗಳದ್ದು ಇನ್ನೂ ಸೂಕ್ಷ್ಮ. ಜಿಸಿಸಿಯಲ್ಲಿ ನಿಮ್ಮ ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡಿದಾಗ ಲಿಬ್‌ಜಿಸಿಸಿ ಎಂಬ ಸಣ್ಣ ಲೈಬ್ರರಿಯ ತುಂಡುಗಳು ನಿಮಗೆ ಹೇಳದೆಯೇ ಬೈನರಿಯೊಳಗೆ ಸೇರುತ್ತವೆ. ಬೈಸನ್ ಎಂಬ ಪಾರ್ಸರ್ ಸೃಷ್ಟಿಸುವ ಸಾಧನವೂ ತನ್ನದೇ ಕೋಡಿನ ಅಚ್ಚೊಂದನ್ನು ನಿಮ್ಮ ಫೈಲಿನೊಳಗೆ ಇಳಿಸುತ್ತದೆ. ವಿನಾಯಿತಿ ಇಲ್ಲದಿದ್ದರೆ ಉಪಕರಣ ಬಳಸಿದವನ ಕೃತಿಗೂ ಉಪಕರಣದ ಲೈಸೆನ್ಸ್ ಅಂಟಿಕೊಳ್ಳುತ್ತಿತ್ತು. ಕನ್ನಡದ ಓದುಗರಿಗೆ ತೀರ ಹತ್ತಿರದ ಉದಾಹರಣೆಯೂ ಒಂದಿದೆ. ಲಿನಕ್ಸ್ ವಿತರಣೆಗಳಲ್ಲಿ ಸಿಗುವ ಗುಬ್ಬಿ ಫಾಂಟ್ ಜಿಪಿಎಲ್ 3 ಮತ್ತು ಫಾಂಟ್ ವಿನಾಯಿತಿಯ ಜೋಡಿಯಲ್ಲಿದೆ. ಆ ಫಾಂಟಿನಲ್ಲಿ ಮದುವೆಯ ಆಮಂತ್ರಣ ಪತ್ರಿಕೆ ಜೋಡಿಸಿ ಪಿಡಿಎಫ್ ಮಾಡಿದಾಗ ಅಕ್ಷರರೂಪಗಳು ಪಿಡಿಎಫ್‌ನೊಳಗೆ ಸೇರುತ್ತವೆ. ಅಷ್ಟಕ್ಕೇ ಆಮಂತ್ರಣ ಪತ್ರಿಕೆ ಜಿಪಿಎಲ್ ಆಗುವುದಿಲ್ಲ ಎಂದು ಹೇಳುವುದು ಆ ವಿನಾಯಿತಿಯ ಕೆಲಸ. ನವಿಲು ಫಾಂಟಿಗೆ ಇದರ ಅಗತ್ಯ ಬೀಳಲಿಲ್ಲ. ಅದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಲ್ಲಿದೆ, ದಾಖಲೆಗಳಿಗೆ ತಾನು ಅಂಟುವುದಿಲ್ಲ ಎಂಬ ಮಾತನ್ನು ಆ ಲೈಸೆನ್ಸೇ ತನ್ನೊಳಗೆ ಇಟ್ಟುಕೊಂಡಿದೆ. ಎರಡೂ ಕನ್ನಡ ಫಾಂಟುಗಳೇ, ಬಳಸುವವನಿಗೆ ಸಿಗುವ ನೆಮ್ಮದಿಯೂ ಒಂದೇ. ಲೇಬಲ್ ಬರೆಯುವವನಿಗೆ ಮಾತ್ರ ಒಂದರಲ್ಲಿ ಒಂದು ಹೆಸರು ಸಾಕು, ಇನ್ನೊಂದರಲ್ಲಿ ಎರಡು ಬೇಕು.

ಹಾಗಿದ್ದರೆ ‘ವಿನಾಯಿತಿ ಸಹಿತ’ ಎಂದು ಬರೆದರೆ ಸಾಲದೇ? ಸಾಲದು. ವಿನಾಯಿತಿಗಳು ಒಂದನ್ನೊಂದು ಹೋಲುವುದು ಹೆಸರಿನಲ್ಲಿ ಮಾತ್ರ. ಕ್ಲಾಸ್‌ಪಾತ್ ವಿನಾಯಿತಿ ಯಾವ ಸ್ವತಂತ್ರ ಮಾಡ್ಯೂಲಿಗೂ ಬಾಗಿಲು ತೆರೆಯುತ್ತದೆ. ಲಿನಕ್ಸ್ ಕರ್ನಲ್ಲಿನ ಟಿಪ್ಪಣಿ ಅಷ್ಟು ದೂರ ಹೋಗುವುದಿಲ್ಲ. ಮಾಮೂಲಿ ಸಿಸ್ಟಮ್ ಕಾಲ್ ಮೂಲಕ ಕರ್ನಲ್ ಸೇವೆ ಪಡೆಯುವ ಪ್ರೋಗ್ರಾಮುಗಳಿಗೆ ಜಿಪಿಎಲ್ ತಾಗುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಕರ್ನಲ್ಲಿನ ಒಳಗೇ ಕೂರುವ ಡ್ರೈವರ್ ಮಾಡ್ಯೂಲಿಗೆ ಅದರಿಂದ ಏನೂ ಸಿಗದು. ಜಿಸಿಸಿಯದ್ದು ಬೇರೆಯೇ ಜಾತಿ. 2009ರ ಮಾರ್ಚ್ 31ರ ದಿನಾಂಕ ಹೊತ್ತ ಅದರ ರನ್‌ಟೈಮ್ ಲೈಬ್ರರಿ ವಿನಾಯಿತಿ 3.1 ಒಂದು ಷರತ್ತಿನ ಮೇಲೆ ನಿಂತಿದೆ. ಜಿಸಿಸಿಯನ್ನು ಒಂಟಿಯಾಗಿ ಅಥವಾ ಜಿಪಿಎಲ್‌ಗೆ ಹೊಂದುವ ಸಾಫ್ಟ್‌ವೇರ್ ಜೊತೆಗೆ ಬಳಸಿ ಕಂಪೈಲ್ ಮಾಡಿದರೆ ವಿನಾಯಿತಿ ಉಂಟು. ಜಿಸಿಸಿಯ ನಡುವಿನ ಹಂತದ ರೂಪವನ್ನು ಹೊರತೆಗೆದು, ಮುಚ್ಚಿದ ಕೋಡಿನ ಆಪ್ಟಿಮೈಜರ್‌ಗೆ ಉಣಿಸಿ, ವಾಪಸು ತಂದರೆ ಇಲ್ಲ. ಜಿಸಿಸಿಗೆ ಪ್ಲಗಿನ್ ವ್ಯವಸ್ಥೆ ಬರುವ ಮುಂಚೆ, ಅದರ ಬೆನ್ನೇರಿ ಯಾರೂ ಮುಚ್ಚಿದ ಕಂಪೈಲರ್ ಕಟ್ಟದಿರಲಿ ಎಂದು ಹಾಕಿದ ಬೇಲಿ ಅದು. ಇನ್ನೊಂದು ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂ ನೋಡಿದರೆ ಜಿಪಿಎಲ್ ಸುದ್ದಿಗೇ ಹೋಗದೆ ಅಪಾಚೆ 2.0ಕ್ಕೆ ವಿನಾಯಿತಿ ಜೋಡಿಸಿಕೊಂಡಿದೆ. ಕಂಪೈಲ್ ಆದ ಬೈನರಿಗೆ ಅಪಾಚೆಯ ಕೆಲವು ಷರತ್ತುಗಳು ಬೇಡ ಎನ್ನುವುದು ಅದರ ಒಂದು ಭಾಗ, ಜಿಪಿಎಲ್ 2ರ ಜೊತೆ ಬೆರೆಸಲು ಅಡ್ಡಿಯಾಗಬಾರದು ಎನ್ನುವುದು ಇನ್ನೊಂದು. ಇಷ್ಟೆಲ್ಲವನ್ನೂ ‘ವಿನಾಯಿತಿ ಸಹಿತ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿದರೆ ಓದುವವನಿಗೆ ದಕ್ಕುವುದು ಏನು? ಪಹಣಿಯ 11ನೇ ಕಾಲಂನಲ್ಲಿ ಏನೋ ನಮೂದಾಗಿದೆ ಎಂದು ಹೇಳಿ, ಅದು ಬ್ಯಾಂಕಿನ ಸಾಲವೋ ದಾರಿಯ ಹಕ್ಕೋ ಹೇಳದೆ ಬಿಟ್ಟಂತಾಯಿತು.

ಈ ತೊಂದರೆ ಕಾಲ್ಪನಿಕವಲ್ಲ. ಫೆಡೋರಾ ಲಿನಕ್ಸ್ ಬಹಳ ವರ್ಷ ಪ್ಯಾಕೇಜುಗಳ ಲೈಸೆನ್ಸ್ ಜಾಗದಲ್ಲಿ ತನ್ನದೇ ಸಂಕ್ಷಿಪ್ತ ರೂಪ ಬಳಸುತ್ತಿತ್ತು, ಅದರಲ್ಲಿ ‘ಜಿಪಿಎಲ್‌ವಿ2+ ವಿತ್ ಎಕ್ಸೆಪ್ಶನ್ಸ್’ ಎನ್ನುವುದೂ ಒಂದು. ಯಾವ ಎಕ್ಸೆಪ್ಶನ್ ಎಂದು ತಿಳಿಯಬೇಕಾದರೆ ಸೋರ್ಸನ್ನೇ ಬಿಚ್ಚಬೇಕು. 2022ರಲ್ಲಿ ಫೆಡೋರಾ ಆ ಪದ್ಧತಿಯನ್ನು ಕೈಬಿಟ್ಟು ಎಸ್‌ಪಿಡಿಎಕ್ಸ್ ಗುರುತುಗಳಿಗೆ ಹೊರಳಲು ತೀರ್ಮಾನಿಸಿತು. ಹಳೆಯ ಲೇಬಲ್ಲಿನಿಂದ ಹೊಸದಕ್ಕೆ ಯಂತ್ರ ತಾನಾಗಿ ಬದಲಿಸಿಕೊಡಲು ಇಂಥ ಕಡೆ ಸಾಧ್ಯವಿಲ್ಲ, ಏಕೆಂದರೆ ಬೇಕಾದ ಮಾಹಿತಿ ಹಳೆಯ ಲೇಬಲ್ಲಿನಲ್ಲಿ ಇಲ್ಲವೇ ಇಲ್ಲ. ಮೊದಲ ದಿನ ಅರ್ಧ ನಿಮಿಷ ಉಳಿಸಿದ್ದಕ್ಕೆ ಹತ್ತು ಹನ್ನೆರಡು ವರ್ಷದ ನಂತರ ಇನ್ನೊಬ್ಬರು ಕೂತು ಫೈಲು ಓದಬೇಕಾಗುತ್ತದೆ.

ಎಸ್‌ಪಿಡಿಎಕ್ಸ್ ಎನ್ನುವುದು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ 2010ರಲ್ಲಿ ಶುರುವಾದ, 2021ರಲ್ಲಿ ಐಎಸ್‌ಒ/ಐಇಸಿ 5962 ಎಂಬ ಅಂತರರಾಷ್ಟ್ರೀಯ ಮಾನಕವೂ ಆದ ವ್ಯವಸ್ಥೆ. ಅದು ಪ್ರತಿ ಲೈಸೆನ್ಸಿಗೂ ಒಂದು ಗಟ್ಟಿ ಗುರುತು ಕೊಡುತ್ತದೆ, ವಿನಾಯಿತಿಗಳಿಗೆ ಬೇರೆಯದೇ ಪಟ್ಟಿ ಇಡುತ್ತದೆ. ಮೊದಲೆಲ್ಲ ಅದರಲ್ಲೂ ಲೈಸೆನ್ಸನ್ನೂ ವಿನಾಯಿತಿಯನ್ನೂ ಅಂಟಿಸಿದ ಜೋಡುಹೆಸರುಗಳಿದ್ದವು: ಕ್ಲಾಸ್‌ಪಾತ್ ವಿನಾಯಿತಿಯ ಜಿಪಿಎಲ್ 2 ಒಂದು ಹೆಸರು, ಜಿಸಿಸಿ ವಿನಾಯಿತಿಯ ಜಿಪಿಎಲ್ 2 ಇನ್ನೊಂದು ಹೆಸರು, ಹೀಗೆ. ಲೈಸೆನ್ಸ್ ಒಂದಿಷ್ಟು, ವಿನಾಯಿತಿ ಒಂದಿಷ್ಟು. ಗುಣಿಸುತ್ತ ಹೋದರೆ ಪಟ್ಟಿಗೆ ಕೊನೆಯಿಲ್ಲ. 2015ರ 2.0 ಆವೃತ್ತಿಯಲ್ಲಿ ‘ವಿತ್’ ಎಂಬ ಕೊಂಡಿ ಬಂದು ಎರಡನ್ನೂ ಬಿಡಿಸಿತು. ಈಗ ಸ್ಟ್ರಿಂಗ್ ಫೈಲಿನ ಸರಿಯಾದ ಲೇಬಲ್ ‘ಜಿಪಿಎಲ್-2.0-ಓನ್ಲಿ ವಿತ್ ಕ್ಲಾಸ್‌ಪಾತ್-ಎಕ್ಸೆಪ್ಶನ್-2.0’. ಹಾಟ್‌ಸ್ಪಾಟ್ ಫೈಲಿನದು ‘ಜಿಪಿಎಲ್-2.0-ಓನ್ಲಿ’, ಅಷ್ಟೇ. ಗುಬ್ಬಿಯದು ‘ಜಿಪಿಎಲ್-3.0-ಆರ್-ಲೇಟರ್ ವಿತ್ ಫಾಂಟ್-ಎಕ್ಸೆಪ್ಶನ್-2.0’. ಫೈಲಿನಲ್ಲಿ ಬರೆಯುವಾಗ ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ, ಪಟ್ಟಿಯಲ್ಲಿರುವ ಕಾಗುಣಿತದಲ್ಲೇ ಇರಬೇಕು. ವಿತ್, ಆ್ಯಂಡ್, ಆರ್ ಎಂಬ ಕೊಂಡಿಗಳು ದೊಡ್ಡಕ್ಷರದಲ್ಲಿರಲಿ. ವಿನಾಯಿತಿಯ ಹೆಸರಿನ ಕೊನೆಯ ಅಂಕಿ ಆ ಹೆಸರಿನದೇ ಭಾಗ, ಅದನ್ನು ಜೊತೆಗಿರುವ ಜಿಪಿಎಲ್‌ನ ಆವೃತ್ತಿ ಎಂದು ಓದಬಾರದು. ಎರಡೂ 2.0 ಆಗಿದ್ದಾಗ ಗೊಂದಲ ಕಾಣುವುದಿಲ್ಲ, ಜಿಸಿಸಿಯ 3.1 ಬಂದಾಗ ಕಾಣುತ್ತದೆ.

‘ಓನ್ಲಿ’, ‘ಆರ್-ಲೇಟರ್’ ಎನ್ನುವ ಬಾಲಗಳ ಬಗ್ಗೆ ಉದಾಸೀನ ಬೇಡ. ಆ ಆವೃತ್ತಿ ಮಾತ್ರವೋ, ಮುಂದಿನವೂ ಆದೀತೋ ಎನ್ನುವುದನ್ನು ತೀರ್ಮಾನಿಸಿದ್ದು ಹಕ್ಕುದಾರರು. ಬರೀ ‘ಜಿಪಿಎಲ್ 2’ ಎಂದರೆ ಎರಡರಲ್ಲಿ ಯಾವುದೆಂದು ತಿಳಿಯದು ಎಂದು ಜಿಪಿಎಲ್‌ನ ಕರ್ತೃ ರಿಚರ್ಡ್ ಸ್ಟಾಲ್‌ಮನ್ ಆಕ್ಷೇಪಿಸಿದ್ದರು, 2017ರ ಕೊನೆಗೆ ಎಸ್‌ಪಿಡಿಎಕ್ಸ್ ಪಟ್ಟಿ ಈ ಬಾಲಗಳನ್ನು ತಂದಿತು. ಕೊಂಡಿಗಳ ಬಿಗಿಯನ್ನೂ ತಿಳಿದಿರಬೇಕು. ವಿತ್ ತನ್ನ ಎಡಗಡೆಯ ಒಂದೇ ಲೈಸೆನ್ಸಿಗೆ ಅಂಟುತ್ತದೆ. ಅದಕ್ಕಿಂತ ಸಡಿಲ ಆ್ಯಂಡ್, ಇನ್ನೂ ಸಡಿಲ ಆರ್. ಜಾವಾ ಲೋಕದ ಜಕಾರ್ತಾ ಇಇಯ ಎಷ್ಟೋ ಲೈಬ್ರರಿಗಳು ಎಕ್ಲಿಪ್ಸ್ ಪಬ್ಲಿಕ್ ಲೈಸೆನ್ಸ್ 2.0 ಅಥವಾ ಕ್ಲಾಸ್‌ಪಾತ್ ವಿನಾಯಿತಿಯ ಜಿಪಿಎಲ್ 2, ಎರಡರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುತ್ತವೆ. ಅದರ ಲೇಬಲ್ ‘ಇಪಿಎಲ್-2.0 ಆರ್ ಜಿಪಿಎಲ್-2.0-ಓನ್ಲಿ ವಿತ್ ಕ್ಲಾಸ್‌ಪಾತ್-ಎಕ್ಸೆಪ್ಶನ್-2.0’. ಇಲ್ಲಿ ವಿನಾಯಿತಿ ಜಿಪಿಎಲ್‌ಗೆ ಮಾತ್ರ, ಎಕ್ಲಿಪ್ಸ್ ಲೈಸೆನ್ಸಿಗೆ ಅದು ಬೇಕಾಗಿಯೂ ಇಲ್ಲ. ಎನ್‌ಪಿಎಂನ ಪ್ಯಾಕೇಜ್ ಫೈಲಿನಲ್ಲಿ, ರಸ್ಟ್‌ನ ಕಾರ್ಗೋ ಫೈಲಿನಲ್ಲಿ ಇದೇ ವಾಕ್ಯವನ್ನು ಇದ್ದಂತೆ ಇಡಬಹುದು. ಜಾವಾದ ಮೇವನ್ ಬಳಸುವವರು ಹುಷಾರಾಗಿರಬೇಕು. ಅಲ್ಲಿ ಲೈಸೆನ್ಸಿನ ಹೆಸರನ್ನು ಹೇಗೆ ಬೇಕಾದರೂ ಬರೆಯಬಹುದು, ಒಂದಕ್ಕಿಂತ ಹೆಚ್ಚು ಲೈಸೆನ್ಸ್ ನಮೂದಿಸಿದರೆ ಬಳಕೆದಾರ ಯಾವುದನ್ನಾದರೂ ಆರಿಸಿಕೊಳ್ಳಬಹುದು ಎಂದು ಅರ್ಥ. ಜಿಪಿಎಲ್ ಒಂದು ನಮೂದು, ಕ್ಲಾಸ್‌ಪಾತ್ ವಿನಾಯಿತಿ ಇನ್ನೊಂದು ನಮೂದು ಎಂದು ಬೇರೆ ಬೇರೆ ಬರೆದರೆ ‘ಜಿಪಿಎಲ್ ಬೇಡದಿದ್ದರೆ ಬರೀ ವಿನಾಯಿತಿ ತೆಗೆದುಕೊಳ್ಳಿ’ ಎಂಬ ಅಸಂಬದ್ಧ ಅರ್ಥ ಹೊರಡುತ್ತದೆ. ವಿನಾಯಿತಿ ಒಂಟಿಯಾಗಿ ಲೈಸೆನ್ಸ್ ಅಲ್ಲ. ಒಂದೇ ನಮೂದಿನಲ್ಲಿ ಎರಡನ್ನೂ ಸೇರಿಸಿ ಬರೆಯಿರಿ.

ಫೈಲು ಫೈಲಿಗೂ ಗುರುತು ಹಾಕುವುದು ಹೇಗೆ ಎನ್ನುವುದಕ್ಕೆ ಲಿನಕ್ಸ್ ಕರ್ನಲ್ಲಿಗಿಂತ ಒಳ್ಳೆಯ ಮಾದರಿ ಇಲ್ಲ. 2017ರ ನವೆಂಬರ್‌ನಲ್ಲಿ ಬಂದ 4.14 ಆವೃತ್ತಿಯ ಹೊತ್ತಿಗೆ ಕರ್ನಲ್ಲಿನಲ್ಲಿ ಲೈಸೆನ್ಸಿನ ಸೊಲ್ಲೇ ಇಲ್ಲದ ಸಾವಿರಾರು ಫೈಲುಗಳಿದ್ದವು. ಅವಕ್ಕೆಲ್ಲ ಮೊದಲ ಸಾಲಿನಲ್ಲೇ ಒಂದು ಎಸ್‌ಪಿಡಿಎಕ್ಸ್ ಗುರುತು ಬಿತ್ತು. ಗಮನಿಸಬೇಕಾದ ಸಂಗತಿ, ಎಲ್ಲಕ್ಕೂ ಒಂದೇ ಗುರುತು ಬೀಳಲಿಲ್ಲ. ಕರ್ನಲ್ಲಿನ ಹೊರಗಿನ ಪ್ರೋಗ್ರಾಮುಗಳು ತಮ್ಮೊಳಗೆ ಸೇರಿಸಿಕೊಳ್ಳುವ ಹೆಡರ್ ಫೈಲುಗಳು ಯುಎಪಿಐ ಎಂಬ ಫೋಲ್ಡರಿನಲ್ಲಿವೆ. ಅವುಗಳ ಗುರುತಿನಲ್ಲಿ ‘ವಿತ್ ಲಿನಕ್ಸ್-ಸಿಸ್ಕಾಲ್-ನೋಟ್’ ಎಂಬ ಬಾಲ ಸೇರಿತು, ಒಳಗಿನ ಫೈಲುಗಳಿಗೆ ಸೇರಲಿಲ್ಲ. ಸೋರ್ಸ್ ಮರದ ಬುಡದಲ್ಲಿ ಲೈಸೆನ್ಸುಗಳಿಗೇ ಮೀಸಲಾದ ಫೋಲ್ಡರ್ ಇದ್ದು, ವಿನಾಯಿತಿಗಳಿಗೆ ಅದರೊಳಗೆ ಬೇರೆ ಗೂಡಿದೆ. ಪ್ರತಿ ವಿನಾಯಿತಿಯ ಫೈಲಿನಲ್ಲೂ ಅದರ ಪೂರ್ತಿ ಪಠ್ಯದ ಜೊತೆಗೆ ಇದನ್ನು ಯಾವ ಯಾವ ಲೈಸೆನ್ಸಿನ ಜೊತೆ ಬಳಸಬಹುದು ಎಂಬ ಪಟ್ಟಿ ಇರುತ್ತದೆ. ತಪ್ಪು ಜೋಡಿ ಮಾಡಿದರೆ ಹಿಡಿಯಲು ಒಂದು ಪೈಥಾನ್ ಸ್ಕ್ರಿಪ್ಟೂ ಇದೆ. ಸಣ್ಣ ಪ್ರಾಜೆಕ್ಟಿಗೂ ಇದೇ ಕ್ರಮ ಸಾಕು: ಫೈಲಿನ ತಲೆಯಲ್ಲಿ ಒಂದು ಸಾಲು, ಲೈಸೆನ್ಸ್ ಫೋಲ್ಡರಿನಲ್ಲಿ ಲೈಸೆನ್ಸಿನ ಪಠ್ಯಕ್ಕೆ ಒಂದು ಫೈಲು, ವಿನಾಯಿತಿಯ ಪಠ್ಯಕ್ಕೆ ಇನ್ನೊಂದು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯುರೋಪ್ ನಡೆಸುವ ರೀಯೂಸ್ ಎಂಬ ಯೋಜನೆಯ ನಿಯಮವೂ ಇದೇ, ಇಷ್ಟು ಸರಿಯಿದೆಯೇ ಎಂದು ನೋಡುವ ಉಚಿತ ಸಾಧನವನ್ನೂ ಅದು ಕೊಡುತ್ತದೆ. ವಿನಾಯಿತಿಯ ಪ್ಯಾರಾವನ್ನು ಜಿಪಿಎಲ್ ಪಠ್ಯದ ಬಾಲಕ್ಕೆ ಅಂಟಿಸಿ ಒಂದೇ ಫೈಲು ಮಾಡುವ ಹಳೆಯ ರೂಢಿಯನ್ನು ಬಿಡುವುದು ಒಳ್ಳೆಯದು. ಲೈಸೆನ್ಸ್ ಫೈಲನ್ನು ಪರಿಚಿತ ಪಠ್ಯದೊಂದಿಗೆ ಹೋಲಿಸಿ ಹೆಸರು ಹೇಳುವ ಸಾಧನಗಳು ನೂರಾರು ಸಾಲಿನ ಜಿಪಿಎಲ್ ಅನ್ನು ಗುರುತಿಸಿ, ಕೊನೆಯ ಐದು ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವ ಸಂಭವ ಇದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದೂ ಅಲ್ಲ. ವಿನಾಯಿತಿ ಎಂದರೆ ಹೆಚ್ಚುವರಿ ಅನುಮತಿ ತಾನೆ? ಅದನ್ನು ಲೇಬಲ್ಲಿನಲ್ಲಿ ಬಿಟ್ಟರೆ ಕೋಡು ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ, ಬಿಗಿ ಎಂದುಕೊಂಡು ನಡೆದವನು ಕಾನೂನು ಮುರಿಯಲಾರ. ಹಾಗಾಗಿ ಬಿಡುವುದೇ ಕ್ಷೇಮ ಎನ್ನುವ ವಾದ ಇದು. ತಾನೇ ಬಳಸಿ ತನ್ನಲ್ಲೇ ಇಟ್ಟುಕೊಳ್ಳುವವನ ಮಟ್ಟಿಗೆ ಈ ವಾದ ಸರಿ ಎಂದು ಒಪ್ಪಬಹುದು. ಆದರೆ ಲೇಬಲ್ ಇರುವುದು ಅವನೊಬ್ಬನಿಗಲ್ಲ. ಮುಂದೆ ಓದುವ ಕಂಪನಿಯ ಕಂಪ್ಲಯನ್ಸ್ ವಿಭಾಗ ‘ಜಿಪಿಎಲ್’ ಎಂಬ ಒಂದೇ ಪದ ನೋಡಿ ಲೈಬ್ರರಿಯನ್ನು ತಳ್ಳಿಹಾಕುತ್ತದೆ. ಲೇಖಕ ಬೇಕೆಂದೇ ತೆರೆದಿಟ್ಟ ಬಾಗಿಲು ಲೇಬಲ್ ಬರೆದವನ ಆಲಸ್ಯದಿಂದ ಮುಚ್ಚಿತು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ವಿನಾಯಿತಿಯನ್ನು ಮುಂದಿನವರು ನಿಜವಾಗಿಯೂ ತೆಗೆದುಹಾಕಬಹುದು. ಈ ಲೈಬ್ರರಿಯನ್ನು ಬದಲಿಸಿದವರು ತಮ್ಮ ಆವೃತ್ತಿಗೆ ವಿನಾಯಿತಿಯನ್ನು ಮುಂದುವರಿಸಬಹುದು, ಮುಂದುವರಿಸಲೇಬೇಕೆಂದಿಲ್ಲ, ಬೇಡವೆಂದರೆ ಈ ಹೇಳಿಕೆಯನ್ನು ಅಳಿಸಿ ಎಂದು ಕ್ಲಾಸ್‌ಪಾತ್ ಪ್ಯಾರಾ ತಾನೇ ಹೇಳುತ್ತದೆ. ಜಿಪಿಎಲ್ 3ರ ಏಳನೇ ಸೆಕ್ಷನ್ ಎಲ್ಲ ಹೆಚ್ಚುವರಿ ಅನುಮತಿಗಳಿಗೂ ಇದೇ ಮಾತನ್ನು ಅನ್ವಯಿಸುತ್ತದೆ. ಅಂದಮೇಲೆ ಬರೀ ‘ಜಿಪಿಎಲ್-2.0-ಓನ್ಲಿ’ ಎಂಬ ಲೇಬಲ್ಲಿಗೆ ಅರ್ಥವಿದೆ: ಇಲ್ಲಿ ವಿನಾಯಿತಿ ಇಲ್ಲ, ಅಥವಾ ಇತ್ತು, ತೆಗೆಯಲಾಗಿದೆ. ಮರೆತು ಬಿಟ್ಟದ್ದಕ್ಕೂ ತೆಗೆದುಹಾಕಿದ್ದಕ್ಕೂ ಲೇಬಲ್ ಒಂದೇ ಥರ ಕಂಡರೆ, ಕ್ಷೇಮ ಎಂದುಕೊಂಡ ಮೌನವೇ ಸುಳ್ಳು ಹೇಳಿದಂತಾಗುತ್ತದೆ.

ಎರಡನೆಯ ಆಕ್ಷೇಪ ವಕೀಲರ ಕಡೆಯದು. ಲೇಬಲ್ ಕಾನೂನಲ್ಲ, ನ್ಯಾಯಾಲಯ ನೋಡುವುದು ಲೈಸೆನ್ಸಿನ ಪಠ್ಯವನ್ನು. ಸಾಲದ್ದಕ್ಕೆ ಲಿಂಕ್ ಮಾಡಿದರೆ ಹೊಸ ಕೃತಿ ಹಳೆಯದರ ರೂಪಾಂತರ ಆಗುತ್ತದೆಯೋ ಇಲ್ಲವೋ ಎನ್ನುವುದೇ ತೀರ್ಮಾನವಾಗಿಲ್ಲ, ಆಗುವುದಿಲ್ಲ ಎಂದಾದರೆ ವಿನಾಯಿತಿಯೇ ಬೇಕಿರಲಿಲ್ಲವಲ್ಲ ಎನ್ನುತ್ತಾರೆ. ಆದರೆ ತೀರ್ಮಾನವಾಗಿಲ್ಲ ಎನ್ನುವುದೇ ವಿನಾಯಿತಿಯ ಬೆಲೆ. ನ್ಯಾಯಾಲಯ ಏನೇ ಹೇಳಲಿ, ಈ ಬಳಕೆಗೆ ನಾನು ತಕರಾರು ಮಾಡುವುದಿಲ್ಲ ಎಂದು ಹಕ್ಕುದಾರ ಬರೆದುಕೊಟ್ಟ ಮೇಲೆ ಪ್ರಶ್ನೆಯ ಮೊನೆ ಮುರಿಯುತ್ತದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲೇ ಇಡುತ್ತದೆ. ಅದರ 30ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಎಂದರೆ ಮಾಲೀಕ, ಅಥವಾ ಅವನಿಂದ ಅಧಿಕಾರ ಪಡೆದವರು, ಬರವಣಿಗೆಯಲ್ಲಿ ಕೊಡುವ ಹಕ್ಕು. ಫೈಲಿನ ತಲೆಯಲ್ಲಿ ಮಾಲೀಕನೇ ಹಾಕಿದ ಒಂದು ಸಾಲಿನ ಗುರುತು ಆ ಬರವಣಿಗೆಯ ಭಾಗ ಎಂದು ವಾದಿಸಲು ಗಟ್ಟಿ ನೆಲೆಯಿದೆ. ಮೂರನೆಯವರು ತಮ್ಮ ಪಟ್ಟಿಯಲ್ಲಿ ಬರೆದುಕೊಂಡ ಲೇಬಲ್ಲಿಗೆ ಆ ತೂಕ ಇಲ್ಲ, ಅದು ಬರೀ ಅವರ ಓದು. ಎಸ್‌ಪಿಡಿಎಕ್ಸ್ ಕಡತದಲ್ಲಿ ಲೇಖಕ ಘೋಷಿಸಿದ ಲೈಸೆನ್ಸಿಗೂ ಪರಿಶೀಲಿಸಿದವರು ತಲುಪಿದ ತೀರ್ಮಾನಕ್ಕೂ ಬೇರೆ ಬೇರೆ ಜಾಗ ಇರುವುದು ಇದಕ್ಕೇ. ಎರಡನ್ನೂ ಒಂದೇ ಎಂದು ತುಂಬಿಬಿಡುವ ಚಾಳಿ ಬೇಡ.

ಮಾಲೀಕನೇ ಕೊಡಬೇಕು ಎನ್ನುವ ಮಾತಿನಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಸ್ವಂತ ಪ್ರಾಜೆಕ್ಟಿಗೆ ವಿನಾಯಿತಿ ಸೇರಿಸಲು ಹೊರಟವರು ಇದನ್ನು ಮೊದಲು ಯೋಚಿಸಬೇಕು. ನಿಮ್ಮ ಪ್ರೋಗ್ರಾಮಿನಲ್ಲಿ ಬೇರೆಯವರ ಜಿಪಿಎಲ್ ಕೋಡು ಸೇರಿದ್ದರೆ, ಆ ಕೋಡಿಗೆ ವಿನಾಯಿತಿ ಕೊಡುವ ಅಧಿಕಾರ ನಿಮಗಿಲ್ಲ. ನೀವು ಬರೆದ ಫೈಲುಗಳಿಗೆ ಮಾತ್ರ ಗುರುತು ಹಾಕಬಹುದು. ಒಟ್ಟು ಬೈನರಿಯ ಲೇಬಲ್ಲಿನಲ್ಲಿ ವಿನಾಯಿತಿಯಿಲ್ಲದ ಜಿಪಿಎಲ್ ಆ್ಯಂಡ್ ಕೊಂಡಿಯ ಜೊತೆ ಉಳಿದೇ ಇರುತ್ತದೆ, ಹೊರಗಿನವರಿಗೆ ವಿನಾಯಿತಿಯ ಪ್ರಯೋಜನ ಸಿಗುವುದಿಲ್ಲ. ಹಿಂದೆ ಕೋಡು ಕಳಿಸಿದ ಎಲ್ಲರ ಒಪ್ಪಿಗೆಯೂ ಬೇಕು. ಎಲ್‌ಎಲ್‌ವಿಎಂ ತನ್ನ ಹಳೆಯ ಲೈಸೆನ್ಸಿನಿಂದ ಅಪಾಚೆ ಮತ್ತು ವಿನಾಯಿತಿಯ ಜೋಡಿಗೆ ಬರಲು ಕೋಡು ಬರೆದವರನ್ನು ಹುಡುಕಿ ಹುಡುಕಿ ಒಪ್ಪಿಸುವ ಕೆಲಸಕ್ಕೆ ವರ್ಷಗಳೇ ಹಿಡಿದವು. ಲೈಬ್ರರಿಗಳಿಗೆಂದೇ ಸಡಿಲಗೊಳಿಸಿದ ಎಲ್‌ಜಿಪಿಎಲ್ ಸಾಲದೇ ಎಂದೂ ಕೇಳಿಕೊಳ್ಳಿ. ಡೈನಮಿಕ್ ಆಗಿ ಲಿಂಕ್ ಆಗುವ ಲೈಬ್ರರಿಗೆ ಬಹಳ ಸಲ ಅದೇ ಸಾಕು. ಸ್ಟ್ಯಾಟಿಕ್ ಲಿಂಕಿಂಗ್ ಬಂದಾಗ, ಬದಲಿಸಿದ ಲೈಬ್ರರಿಯ ಜೊತೆ ಮತ್ತೆ ಲಿಂಕ್ ಮಾಡಲು ಬೇಕಾದ ಆಬ್ಜೆಕ್ಟ್ ಫೈಲುಗಳನ್ನು ಬಳಕೆದಾರನಿಗೆ ಕೊಡಬೇಕೆನ್ನುವ ಅದರ ಷರತ್ತು ಭಾರವಾಗುತ್ತದೆ. ಸ್ಟ್ಯಾಟಿಕ್ ಲಿಂಕಿಂಗೇ ರೂಢಿಯಾದ ಓಕ್ಯಾಮಲ್, ಗೋ ಭಾಷೆಗಳ ಕಡೆ ಎಲ್‌ಜಿಪಿಎಲ್ ಮೇಲೆಯೂ ಲಿಂಕಿಂಗ್ ವಿನಾಯಿತಿ ಕಾಣಿಸಿಕೊಂಡದ್ದು ಇದರಿಂದ. ಗೋ ಭಾಷೆಯ ಹೆಸರಾಂತ ಯಾಮಲ್ ಲೈಬ್ರರಿ ಮೊದಲು ಎಲ್‌ಜಿಪಿಎಲ್ 3 ಮತ್ತು ಸ್ಟ್ಯಾಟಿಕ್ ಲಿಂಕಿಂಗ್ ವಿನಾಯಿತಿಯಲ್ಲಿತ್ತು, ಆಮೇಲೆ ಅಪಾಚೆ 2.0ಕ್ಕೆ ಹೋಯಿತು. ಹಳೆಯ ಆವೃತ್ತಿಯನ್ನು ಒಳಗಿಟ್ಟುಕೊಂಡ ಪ್ರಾಜೆಕ್ಟು ಆಮೇಲಿನ ಲೇಬಲ್ ನೋಡಿ ‘ಅಪಾಚೆ’ ಎಂದು ಬರೆದರೆ ತಪ್ಪು.

ಹೊಸ ವಿನಾಯಿತಿಯನ್ನು ನೀವೇ ಬರೆಯಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಪಟ್ಟಿಯಲ್ಲಿರುವುದರಲ್ಲಿ ಹೊಂದುವುದನ್ನು ಆರಿಸಿಕೊಳ್ಳಿ, ಅದರ ಪಠ್ಯವನ್ನು ಅಕ್ಷರ ಬದಲಿಸದೆ ಇಡಿ. ಆದರೂ ಹಳೆಯ ಕೋಡಿನಲ್ಲಿ ಯಾರೋ ಸ್ವಂತವಾಗಿ ಬರೆದ ಪ್ಯಾರಾ ಎದುರಾಗುವುದು ತಪ್ಪದು. ಅದನ್ನು ಹತ್ತಿರದ ಪರಿಚಿತ ಹೆಸರಿಗೆ ಗಂಟು ಹಾಕುವ ಆಸೆಯನ್ನು ಹತ್ತಿಕ್ಕಿ, ಲೈಸೆನ್ಸ್‌ರೆಫ್ ಎಂದು ಶುರುವಾಗುವ ಸ್ವಂತ ಗುರುತು ಕೊಟ್ಟು ಇಡೀ ಪಠ್ಯವನ್ನು ಜೊತೆಗಿಡಿ. ಎಸ್‌ಪಿಡಿಎಕ್ಸ್ 3.0 ಬಂದ ಮೇಲೆ ವಿನಾಯಿತಿಗಷ್ಟೇ ಬಳಸುವ ಅಡಿಶನ್‌ರೆಫ್ ಎಂಬ ದಾರಿಯೂ ಇದೆ, ನಿಮ್ಮ ಸಾಧನ ಅದನ್ನು ಅರಿಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ವಿನಾಯಿತಿಯ ವೇಷದಲ್ಲಿ ಬರುವ ನಿರ್ಬಂಧಗಳ ಬಗ್ಗೆಯೂ ಎಚ್ಚರ ಬೇಕು. 2018ರಲ್ಲಿ ಸುದ್ದಿಯಾದ ಕಾಮನ್ಸ್ ಕ್ಲಾಜ್ ಯಾವುದೋ ಲೈಸೆನ್ಸಿನ ಬಾಲಕ್ಕೆ ಸೇರಿಸುವ ಒಂದು ಪ್ಯಾರಾವೇ, ಆದರೆ ಅದು ಮಾರುವ ಹಕ್ಕನ್ನು ಕಿತ್ತುಕೊಳ್ಳುತ್ತದೆ. ಕೊಡುವ ಪ್ಯಾರಾಕ್ಕೆ ಮೀಸಲಾದ ‘ವಿತ್’ ಕೊಂಡಿಯನ್ನು ಕಸಿಯುವ ಪ್ಯಾರಾಕ್ಕೆ ಬಳಸಿದರೆ ಓದುವವನು ಮೋಸಹೋಗುತ್ತಾನೆ. ಅಂಥದ್ದನ್ನು ಓಪನ್ ಸೋರ್ಸ್ ಎಂದು ಕರೆಯುವುದೇ ತಪ್ಪು.

ಇಷ್ಟೆಲ್ಲ ಶ್ರಮ ಯಾರಿಗೆ ಬೇಕು, ನೂರಾರು ಲೈಬ್ರರಿ ಬಳಸುವ ಸಣ್ಣ ತಂಡಕ್ಕೆ ಇದು ಆಗುವ ಮಾತೇ ಎನ್ನುವ ಗೊಣಗಾಟ ನ್ಯಾಯವಾದದ್ದು. ಕೆಲಸ ನಿಜಕ್ಕೂ ಇದೆ. ಆದರೆ ಈಗ ಅದನ್ನು ಕೇಳುವವರು ಗ್ರಾಹಕರೇ. ಸಾಫ್ಟ್‌ವೇರಿನೊಳಗೆ ಏನೇನಿದೆ ಎಂಬ ಘಟಕಪಟ್ಟಿ, ಎಸ್‌ಬಿಒಎಂ, ಇರಬೇಕೆನ್ನುವ ಮಾರ್ಗಸೂಚಿಯನ್ನು ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿತು, ಪ್ರತಿ ಘಟಕದ ಲೈಸೆನ್ಸ್ ಆ ಪಟ್ಟಿಯ ಒಂದು ಕಾಲಂ. ಸರ್ಕಾರಿ ಇಲಾಖೆಗಳಿಗೋ ಬ್ಯಾಂಕುಗಳಿಗೋ ಸಾಫ್ಟ್‌ವೇರ್ ಮಾಡಿಕೊಡುವ ಬೆಂಗಳೂರಿನ ತಂಡಗಳು ಇವತ್ತಲ್ಲ ನಾಳೆ ಆ ಕಾಲಂ ತುಂಬಲೇಬೇಕು. ಎಲ್ಲ ಘಟಕಕ್ಕೂ ಸಮಾನ ಶ್ರಮ ಹಾಕಬೇಕಿಲ್ಲ. ಎಂಐಟಿ, ಬಿಎಸ್‌ಡಿ ಲೈಸೆನ್ಸಿನವನ್ನು ಲೈಸೆನ್ಸ್ ಗುರುತಿಸುವ ಸಾಧನಕ್ಕೇ ಬಿಡಿ. ಜಿಪಿಎಲ್, ಎಲ್‌ಜಿಪಿಎಲ್, ಎಜಿಪಿಎಲ್ ಎಂದು ತೋರಿಸಿದವನ್ನು ಮಾತ್ರ ಆರಿಸಿ, ಸೋರ್ಸಿನಲ್ಲಿ ‘ಸ್ಪೆಷಲ್ ಎಕ್ಸೆಪ್ಶನ್’, ‘ಅಡಿಶನಲ್ ಪರ್ಮಿಶನ್’, ‘ಡೆಸಿಗ್ನೇಟ್ಸ್’ ಎಂಬ ಇಂಗ್ಲಿಷ್ ಪದಗಳನ್ನು ಹುಡುಕಿ. ಹೆಚ್ಚಿನ ವಿನಾಯಿತಿಗಳು ಈ ಮೂರರಲ್ಲಿ ಒಂದಕ್ಕೆ ಸಿಕ್ಕಿಬೀಳುತ್ತವೆ. ಸಿಕ್ಕ ಪ್ಯಾರಾವನ್ನು ಎಸ್‌ಪಿಡಿಎಕ್ಸ್ ಪಟ್ಟಿಯ ಪಠ್ಯದ ಜೊತೆ ಪಕ್ಕಪಕ್ಕ ಇಟ್ಟು ಓದಿ, ಯಾವ ಫೋಲ್ಡರಿಗೆ ಅನ್ವಯ ಎಂದು ಬರೆದುಕೊಳ್ಳಿ. ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಆವೃತ್ತಿಗಳಿಗಾಗಿ ಬರೆದ ವಿನಾಯಿತಿಗಳು ಸಿಕ್ಕರೆ ಅವನ್ನೂ ಬಿಡಬೇಡಿ. ಓಪನ್‌ಎಸ್‌ಎಸ್‌ಎಲ್ 3.0 ಆವೃತ್ತಿಯಿಂದ ಅಪಾಚೆ 2.0ಕ್ಕೆ ಬಂದಿದ್ದು ಜಿಪಿಎಲ್ 3ರ ಜೊತೆ ಹೊಂದುತ್ತದೆ ನಿಜ, ಆದರೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಲೆಕ್ಕದಲ್ಲಿ ಜಿಪಿಎಲ್ 2ರ ಜೊತೆ ಇನ್ನೂ ಹೊಂದುವುದಿಲ್ಲ. ಜಿಪಿಎಲ್ 2 ಮಾತ್ರ ಎನ್ನುವ ಪ್ರೋಗ್ರಾಮುಗಳಿಗೆ ಆ ಹಳೆಯ ಪ್ಯಾರಾ, ಹೊಸ ಓಪನ್‌ಎಸ್‌ಎಸ್‌ಎಲ್ ಅನ್ನೂ ಒಳಗೊಳ್ಳುವಂತೆ ಬರೆದಿದ್ದರೆ, ಈಗಲೂ ಬೇಕು. ಕಾಲಂನಲ್ಲಿ ಏನು ಬರೆಯಬೇಕೆಂದು ತೀರ್ಮಾನವಾಗದಿದ್ದರೆ ‘ನೋಅಸರ್ಶನ್’ ಎಂಬ ಗುರುತು ಇದೆ. ನಾವು ಏನನ್ನೂ ಹೇಳುತ್ತಿಲ್ಲ ಎಂದು ಅದರ ಅರ್ಥ, ಊಹೆಯಿಂದ ಬರೆದ ‘ವಿನಾಯಿತಿ ಸಹಿತ’ಕ್ಕಿಂತ ಅದನ್ನು ಹಾಕುವುದು ಮೇಲು. ಹಳೆಯ ಜೋಡುಹೆಸರುಗಳು ನಿಮ್ಮ ಫೈಲುಗಳಲ್ಲಿ ಇನ್ನೂ ಉಳಿದಿದ್ದರೆ ಗಾಬರಿ ಬೇಡ. ಅವು ಬಳಕೆಯಿಂದ ಕೈಬಿಟ್ಟ ಹೆಸರುಗಳ ಪಟ್ಟಿಗೆ ಸೇರಿವೆಯಾದರೂ ಸಾಧನಗಳು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುತ್ತವೆ. ಮುಂದಿನ ಬಿಡುಗಡೆಯ ಹೊತ್ತಿಗೆ ‘ವಿತ್’ ರೂಪಕ್ಕೆ ತಂದುಕೊಂಡರೆ ಆಯಿತು. ಆ ಹೊತ್ತಿಗೆ ‘ಓನ್ಲಿ’ ಬೇಕೋ ‘ಆರ್-ಲೇಟರ್’ ಬೇಕೋ ಎನ್ನುವುದನ್ನು ಹಳೆಯ ಹೆಸರಿನಿಂದ ಊಹಿಸದೆ ಫೈಲಿನ ಕಮೆಂಟನ್ನೇ ಓದಿ ನಿರ್ಧರಿಸಿ.